ಸ್ಟೆಂಟ್ ಆಯ್ತು, ಎದೆಬಡಿತದ ಲೆಕ್ಕ ಇನ್ನೂ ಬಾಕಿ ಇದೆ

ಮುಂಬಯಿಯಲ್ಲಿ ನಮ್ಮವರು ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಯ್ತು ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಬ್ಲಾಕ್ ಇತ್ತು? ಎಷ್ಟು ಸ್ಟೆಂಟ್ ಹಾಕಿದ್ರು? ಉತ್ತರ ಸಿಕ್ಕಿತು ಅಂದರೆ ಮನೆಯವರಿಗೂ ನೋಡಲು ಬಂದವರಿಗೂ ಸಮಾಧಾನ. ನಾಲ್ಕೈದು ದಿನಕ್ಕೆ ಡಿಸ್ಚಾರ್ಜ್. ಅದಾಗಿ ಒಂದೆರಡು ವಾರಕ್ಕೆ ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತಿ ಉಡುಪಿ, ಮಂಗಳೂರು ಕಡೆಗೆ, ಇಲ್ಲವೇ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ, ವಿಜಯಪುರದ ಕಡೆಗೆ. ಸ್ವಲ್ಪ ದಿನ ಊರಲ್ಲಿ ಆರಾಮಾಗಿ ಇರಲಿ ಅಂತ ಮಕ್ಕಳು ಕಳಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಓಡಾಟದ ನಡುವೆ ಒಂದು ಎಕೋ ಪರೀಕ್ಷೆ, ಅಂದರೆ ಹೃದಯದ ಸೋನೋಗ್ರಫಿ, ತಪ್ಪಿಹೋಗುತ್ತದೆ. ಅಟ್ಯಾಕ್ ಆಗಿ ಆರು ವಾರದಿಂದ ಮೂರು ತಿಂಗಳ ಹೊತ್ತಿಗೆ ಮಾಡಿಸಬೇಕಾದ ಎಕೋ ಅದು. ಎದೆಬಡಿತ ಮುಂದೆ ಕೈ ಕೊಡುತ್ತದೆಯೋ ಇಲ್ಲವೋ ಅನ್ನುವ ಅಂದಾಜು ಹೆಚ್ಚಿನ ಮಟ್ಟಿಗೆ ಅದರಿಂದಲೇ ಸಿಗುವುದು.

ನಮ್ಮ ಸಂಘದ ಪರಿಚಯದವರ ಜತೆ ಆಸ್ಪತ್ರೆಗೆ ಓಡಾಡುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತದೆ. ಡಿಸ್ಚಾರ್ಜ್ ಕಾರ್ಡುಗಳನ್ನು ಓದಿ ಓದಿ ಅಭ್ಯಾಸವಾಗಿದೆ. ಸ್ಟೆಂಟಿನ ಕಂಪನಿ, ಉದ್ದ, ಅಗಲ ಎಲ್ಲ ಮನೆಯವರಿಗೆ ಬಾಯಿಪಾಠ ಬರುತ್ತದೆ. ಅದೇ ಹಾಳೆಯ ಕೆಳಗೆ ಎಲ್‌ವಿಇಎಫ್ (ಹೃದಯದ ಪಂಪಿಂಗ್‌ನ ಅಳತೆ) 30 ಶೇಕಡಾ ಅಂತ ಬರೆದಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ಹೃದಯದ ಕರೆಂಟ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡೋಣ. ಬಲಗಡೆಯ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅನ್ನುವ ಸಣ್ಣ ಗಂಟು ಇದೆ. ಸುಮ್ನೆ ಕೂತಿದ್ದಾಗ ನಿಮಿಷಕ್ಕೆ 60ರಿಂದ 100 ಸಲ ಮಿಡಿತ ಹುಟ್ಟುವುದು ಅಲ್ಲಿ. ಅಲ್ಲಿಂದ ಕರೆಂಟ್ ಮೇಲಿನ ಕೋಣೆಗಳಿಗೆ ಹರಡಿ, ಮಧ್ಯದ ಎವಿ ನೋಡ್‌ನಲ್ಲಿ ಒಂದು ಕ್ಷಣ ತಡೆದು, ಆಮೇಲೆ ಎಡಕ್ಕೂ ಬಲಕ್ಕೂ ಕವಲೊಡೆದು ಕೆಳಗಿನ ಎರಡು ದೊಡ್ಡ ಕೋಣೆಗಳಿಗೆ ಇಳಿಯುತ್ತದೆ. ಈ ಗಂಟುಗಳೂ ಕವಲುಗಳೂ ಜೀವಂತ ಅಂಗಾಂಶಗಳೇ, ಅವುಗಳಿಗೂ ರಕ್ತ ಬೇಕು. ಸುಮಾರು 90 ಶೇಕಡಾ ಜನರಲ್ಲಿ ಎವಿ ನೋಡ್‌ಗೆ ರಕ್ತ ಬರುವುದು ಬಲಗಡೆಯ ರಕ್ತನಾಳದಿಂದ. ಹಾಗಾಗಿ ಯಾವ ನಾಳ ಮುಚ್ಚಿತು ಅನ್ನುವುದರ ಮೇಲೆ ಸ್ನಾಯುವಿಗೆ ಆಗುವ ಹಾನಿ ಮಾತ್ರವಲ್ಲ, ಕರೆಂಟಿನ ತೊಂದರೆ ಯಾವ ತರಹದ್ದು ಅನ್ನುವುದೂ ನಿಂತಿದೆ.

ಈಗ ಮೊದಲ ಕೆಲವು ಗಂಟೆಗಳ ವಿಷಯ. ರಕ್ತ ನಿಂತ ಜಾಗದ ಜೀವಕೋಶಗಳಿಂದ ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ಪಕ್ಕದ ಆರೋಗ್ಯವಂತ ಭಾಗ ಒಂದು ವೇಗದಲ್ಲಿ ಕರೆಂಟ್ ದಾಟಿಸುತ್ತದೆ, ಪೆಟ್ಟು ತಿಂದ ಭಾಗ ಇನ್ನೊಂದು ವೇಗದಲ್ಲಿ. ತಾಳ ತಪ್ಪಿ ಕೆಳಗಿನ ಕೋಣೆಗಳು ಬಡಿಯುವ ಬದಲು ಸುಮ್ಮನೆ ನಡುಗತೊಡಗುತ್ತವೆ. ಇದಕ್ಕೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಅನ್ನುತ್ತಾರೆ, ಆಸ್ಪತ್ರೆ ಭಾಷೆಯಲ್ಲಿ ವಿಎಫ್. ರಕ್ತ ಪಂಪ್ ಆಗುವುದು ಪೂರ್ತಿ ನಿಲ್ಲುತ್ತದೆ, ಕೆಲವೇ ಸೆಕೆಂಡಿನಲ್ಲಿ ಮನುಷ್ಯ ಕುಸಿಯುತ್ತಾನೆ. ಹಾರ್ಟ್ ಅಟ್ಯಾಕ್‌ನಿಂದ ಆಸ್ಪತ್ರೆ ಮುಟ್ಟುವ ಮೊದಲೇ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಹೀಗೆ. ಸ್ನಾಯು ಅಷ್ಟು ಹಾಳಾಗಿರುವುದೇ ಇಲ್ಲ. ಸಮಯಕ್ಕೆ ಬಡಿತ ಸರಿಪಡಿಸುವ ಒಂದು ಕರೆಂಟ್ ಶಾಕ್ ಸಿಕ್ಕಿದ್ದರೆ ಎಷ್ಟೋ ವರ್ಷ ಬದುಕಬಹುದಾಗಿದ್ದ ಜನ.

ಸಿಪಿಆರ್, ಅಂದರೆ ಎದೆ ಒತ್ತಿ ರಕ್ತ ಓಡಿಸುವ ಕೆಲಸ, ಮಾಡುವವರು ಯಾರೂ ಇಲ್ಲದಿದ್ದರೆ, ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ 7ರಿಂದ 10 ಶೇಕಡಾ ಇಳಿಯುತ್ತದೆ. ಹತ್ತು ನಿಮಿಷ ದಾಟಿದರೆ ಉಳಿಯುವುದು ತೀರಾ ಕಡಿಮೆ. ಐಸಿಸಿಯು ಅನ್ನುವ ಹೃದ್ರೋಗಿಗಳ ತೀವ್ರ ನಿಗಾ ವಿಭಾಗ 1960ರ ದಶಕದಲ್ಲಿ ಶುರುವಾಗಿದ್ದೇ ಇದಕ್ಕಾಗಿ. ಆಗ ಸ್ಟೆಂಟ್ ಇರಲಿಲ್ಲ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ರೂಢಿಯೂ ಇರಲಿಲ್ಲ. ರೋಗಿಗಳನ್ನೆಲ್ಲ ಒಂದೇ ಕಡೆ ಮಲಗಿಸಿ, ಮಾನಿಟರ್ ಹಚ್ಚಿ, ಬಡಿತ ಕೆಟ್ಟ ಕೂಡಲೇ ಶಾಕ್ ಕೊಡುವ ವ್ಯವಸ್ಥೆ ಮಾಡಿದರು. ಅಷ್ಟರಿಂದಲೇ ಆಸ್ಪತ್ರೆಯೊಳಗಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಅದಕ್ಕೇ ಎದೆನೋವು ಬಂದವರನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಬೇಡಿ ಅಂತ ನಾನು ಕಂಡವರಿಗೆಲ್ಲ ಹೇಳುವುದು. ಮಹಾರಾಷ್ಟ್ರದಲ್ಲಿ 2014ರಿಂದ 108 ಆಂಬುಲೆನ್ಸ್ ಸೇವೆ ಇದೆ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್, ಚಾಳಿನ ಕಡಿದಾದ ಮೆಟ್ಟಿಲು, ಸ್ಟ್ರೆಚರ್ ಹಿಡಿಸದ ಲಿಫ್ಟ್, ಎಲ್ಲ ನನಗೂ ಗೊತ್ತು. ಆಂಬುಲೆನ್ಸ್ ಬರುವುದು ತೀರಾ ತಡ ಅಂತ ಗೊತ್ತಾದರೆ ಟ್ಯಾಕ್ಸಿ ಹಿಡಿಯದೆ ಬೇರೆ ದಾರಿ ಇಲ್ಲ. ಆಗ ಸಿಪಿಆರ್ ಗೊತ್ತಿರುವವರೊಬ್ಬರು ಜತೆಗೆ ಕೂರಲಿ. ಕುಸಿದು ಬಿದ್ದು ಉಸಿರು ಸರಿಯಾಗಿ ಇಲ್ಲ ಅಂದರೆ ಗಾಡಿ ನಿಲ್ಲಿಸಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮಧ್ಯೆ ಎರಡೂ ಕೈ ಒಂದರ ಮೇಲೊಂದು ಇಟ್ಟು, ಐದು ಸೆಂಟಿಮೀಟರಿಗೆ ಕಮ್ಮಿಯಿಲ್ಲದಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪಕ್ಕೆಲುಬು ಮುರಿದೀತು ಅಂತ ಹೆದರಿ ಮೆತ್ತಗೆ ಒತ್ತಿದರೆ ಪ್ರಯೋಜನವಿಲ್ಲ. ಮುರಿದ ಎಲುಬು ಕೂಡುತ್ತದೆ.

ಎಇಡಿ ಅನ್ನುವ ಶಾಕ್ ಯಂತ್ರಕ್ಕೆ ಡಾಕ್ಟರೇ ಬೇಕು ಅಂತೇನಿಲ್ಲ. ಆನ್ ಮಾಡಿದರೆ ಅದೇ ಮಾತಾಡಿ ಹೇಳಿಕೊಡುತ್ತದೆ, ಬಡಿತವನ್ನು ಅದೇ ಓದುತ್ತದೆ, ಅಗತ್ಯವಿಲ್ಲದಿದ್ದರೆ ಶಾಕ್ ಕೊಡುವುದೇ ಇಲ್ಲ. ಮಾಟುಂಗ, ಕುರ್ಲಾ, ಡೊಂಬಿವಲಿಯಲ್ಲಿ ನಮ್ಮ ಸಂಘಗಳ ಕಾರ್ಯಕ್ರಮಗಳಿಗೆ, ಯಕ್ಷಗಾನ ತಾಳಮದ್ದಳೆಗೆ ಸೇರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ ಅಲ್ವಾ? ಸಭಾಂಗಣಕ್ಕೆ ಹೊಸ ಕುರ್ಚಿ, ಹೊಸ ಸೌಂಡ್ ಸಿಸ್ಟಮ್ ಕೊಡಿಸುವ ದಾನಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಒಂದು ವರ್ಷ ಆ ದುಡ್ಡಲ್ಲಿ ಎಇಡಿ ಕೊಂಡು, ಹತ್ತಿಪ್ಪತ್ತು ಜನ ಹುಡುಗ ಹುಡುಗಿಯರಿಗೆ ತರಬೇತಿ ಕೊಡಿಸಲಿ ಅನ್ನುವುದು ನನ್ನ ಕಳಕಳಿಯ ಕೋರಿಕೆ.

ಮೊದಲ 48 ಗಂಟೆಯೊಳಗೆ ವಿಎಫ್ ಆಗಿ ಶಾಕ್ ಕೊಟ್ಟು ಉಳಿಸಿದರು ಅಂದರೆ ಮನೆಯವರು ತಿಂಗಳುಗಟ್ಟಲೆ ನಿದ್ದೆ ಮಾಡುವುದಿಲ್ಲ. ಮತ್ತೆ ಆಗುತ್ತದಾ ಅನ್ನುವ ಭಯ. ಇಲ್ಲಿ ಸ್ವಲ್ಪ ಧೈರ್ಯ ತಂದುಕೊಳ್ಳಬಹುದು. ಆ ಸಮಯದ ವಿಎಫ್ ಹೆಚ್ಚಾಗಿ ಆ ಹೊತ್ತಿನ ರಕ್ತದ ಕೊರತೆಯಿಂದ ಬಂದದ್ದು, ನಾಳ ತೆರೆದ ಮೇಲೆ ಅದರ ಕಾರಣವೇ ಹೋಗಿರುತ್ತದೆ. ಅಷ್ಟಕ್ಕೇ ಎದೆಯೊಳಗೆ ಯಂತ್ರ ಕೂರಿಸಬೇಕಾಗಿಲ್ಲ. ಬೇರೆ ಹೊಸ ಕಾರಣ ಕಾಣದೆ 48 ಗಂಟೆ ಕಳೆದ ಮೇಲೆ ಆದರೆ ಮಾತ್ರ ಲೆಕ್ಕ ಬೇರೆ. ಹಾಗೆಯೇ ನಾಳ ತೆರೆದ ಸ್ವಲ್ಪ ಹೊತ್ತಿಗೆ ಮಾನಿಟರಿನಲ್ಲಿ ಅಗಲಗಲ ಗೆರೆಗಳು 60ರಿಂದ 110ರ ವೇಗದಲ್ಲಿ ಓಡುವುದುಂಟು. ನೋಡಲು ಭಯ ಹುಟ್ಟಿಸುತ್ತದೆ. ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ, ಔಷಧಿಯೂ ಬೇಕಾಗುವುದಿಲ್ಲ.

ಇನ್ನು ಬಡಿತ ನಿಧಾನವಾಗುವ ತೊಂದರೆ. ಮೇಲಿನ ಕರೆಂಟ್ ಕೆಳಗೆ ಇಳಿಯುವುದೇ ನಿಂತುಹೋಗುವುದು. ಪೂರ್ತಿ ನಿಂತರೆ ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂತ ಕಾರ್ಡಿನಲ್ಲಿ ಬರೆಯುತ್ತಾರೆ. ಇದಕ್ಕೆ ಸ್ಟೆಂಟ್ ಹಾಕುವುದಲ್ಲ, ಸಣ್ಣ ಕರೆಂಟ್ ಕೊಟ್ಟು ಬಡಿತ ನಡೆಸುವ ಪೇಸ್‌ಮೇಕರ್ ಬೇಕಾದೀತು.

ಡೊಂಬಿವಲಿಯಲ್ಲಿ ಸಣ್ಣ ಹೋಟೆಲ್ ನಡೆಸುವ ನಮ್ಮ ಮಾವನಿಗೆ ಆಗಿದ್ದು ಇದೇ. ಬೆಳಗಿನ ಜಾವ ಗ್ರೈಂಡರ್ ಹಚ್ಚಿ ನಿಂತವರಿಗೆ ಬೆವರು, ವಾಂತಿ, ತಲೆ ಸುತ್ತು. ಎದೆನೋವು ಅಷ್ಟಾಗಿ ಇರಲಿಲ್ಲ. ಇಸಿಜಿಯಲ್ಲಿ ಹೃದಯದ ಕೆಳಭಾಗದ ಅಟ್ಯಾಕ್, ಬಡಿತ 34. ಬಲಗಡೆಯ ನಾಳ ತೆರೆದು ಸ್ಟೆಂಟ್ ಹಾಕಿದರು. ತೊಡೆಯ ಸಂದಿಯ ರಕ್ತನಾಳದಿಂದ ಒಂದು ತೆಳ್ಳಗಿನ ತಂತಿಯನ್ನು ಹೃದಯದ ತನಕ ತಳ್ಳಿ ತಾತ್ಕಾಲಿಕ ಪೇಸ್‌ಮೇಕರ್ ಕೊಟ್ಟರು. ತಂತಿಯ ಇನ್ನೊಂದು ತುದಿ ಮಂಚದ ಕಂಬಿಗೆ ಕಟ್ಟಿದ ಪೆಟ್ಟಿಗೆಗೆ, ಪೆಟ್ಟಿಗೆಯ ಮೇಲೆ ಪ್ರತಿ ಬಡಿತಕ್ಕೂ ಮಿನುಗುವ ಪುಟ್ಟ ದೀಪ. ಕಾಲು ಮಡಚಬಾರದು, ಹೊರಳಬಾರದು. ಅತ್ತೆ ಆ ದೀಪ ಬಿಟ್ಟು ಕಣ್ಣು ತೆಗೆಯಲಿಲ್ಲ. ಎರಡನೇ ದಿನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ಇಷ್ಟೆಲ್ಲ ಕಷ್ಟ ಯಾಕೆ ಮಾರಾಯ, ಒಮ್ಮೆಗೇ ಪರ್ಮನೆಂಟ್ ಹಾಕಿಸಿಬಿಟ್ಟರೆ ಆಗುದಿಲ್ವಾ?" ಡಾಕ್ಟರಿಗೆ ಅದನ್ನೇ ಕೇಳಿದೆ. ಕಾಯೋಣ ಅಂದರು. ಮಾರನೇ ದಿನ ಪೆಟ್ಟಿಗೆಯ ವೇಗ ಕಮ್ಮಿ ಮಾಡಿ ನೋಡಿದಾಗ ಮಾವನ ಸ್ವಂತ ಬಡಿತವೇ 68ರಲ್ಲಿ ಓಡುತ್ತಿತ್ತು. ಆಮೇಲೆ ತಂತಿ ತೆಗೆದರು. ಪೇಸ್‌ಮೇಕರ್ ಇಲ್ಲದೆಯೇ ಮನೆಗೆ ಬಂದರು.

ಡಾಕ್ಟರ್ ಕಾದಿದ್ದಕ್ಕೆ ಕಾರಣ ಇದೆ. ಕೆಳಭಾಗದ ಅಟ್ಯಾಕ್‌ನಲ್ಲಿ ಪೆಟ್ಟು ಬೀಳುವುದು ಎವಿ ನೋಡ್ ಮಟ್ಟದಲ್ಲಿ. ಅಲ್ಲಿ ನರಗಳ ಪ್ರಭಾವ, ಊತ ಇವೆಲ್ಲ ಸೇರಿ ಕರೆಂಟ್ ನಿಂತಿರುತ್ತದೆ, ಆ ಭಾಗ ಸತ್ತಿರುವುದು ಕಡಿಮೆ. ಕೆಳಗಿನಿಂದ ನಿಮಿಷಕ್ಕೆ 40ರಿಂದ 60ರ ಒಂದು ಬದಲಿ ಬಡಿತವೂ ಹುಟ್ಟಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲೇ ದಾರಿ ಮತ್ತೆ ತೆರೆಯುತ್ತದೆ. ಹೃದಯದ ಮುಂಭಾಗದ ಅಟ್ಯಾಕ್‌ನಲ್ಲಿ ಇದೇ ಬ್ಲಾಕ್ ಬಂದರೆ ಸ್ಥಿತಿ ಬೇರೆ. ಅಲ್ಲಿ ಕಡಿದುಹೋಗಿರುವುದು ಎವಿ ನೋಡ್‌ಗಿಂತ ಕೆಳಗಿನ ಕವಲುಗಳು. ಅವು ಕಡಿಯಬೇಕಾದರೆ ಸ್ನಾಯುವಿನ ದೊಡ್ಡ ಭಾಗವೇ ಹೋಗಿರುತ್ತದೆ. ಬದಲಿ ಬಡಿತ 20ರಿಂದ 40, ಅದನ್ನೂ ನಂಬುವಂತಿಲ್ಲ. ಇಂಥವರಲ್ಲಿ ಪರ್ಮನೆಂಟ್ ಪೇಸ್‌ಮೇಕರ್ ಬೇಕಾಗುವುದು ಜಾಸ್ತಿ. ಪೇಸ್‌ಮೇಕರ್ ಹಾಕಿದರೂ ಅಪಾಯ ಪೂರ್ತಿ ಹೋಗದು, ಯಾಕೆಂದರೆ ಸ್ನಾಯುವಿಗೆ ಆದ ಹಾನಿ ಹಾಗೇ ಇರುತ್ತದೆ. ಆದ್ದರಿಂದ ಡಾಕ್ಟರ್ ಪೇಸ್‌ಮೇಕರ್ ಅಂದಾಗ ಮನೆಯವರು ಎರಡು ವಿಷಯ ಕೇಳಿ ತಿಳಿದುಕೊಳ್ಳಬೇಕು. ಅಟ್ಯಾಕ್ ಮುಂಭಾಗದ್ದೋ ಕೆಳಭಾಗದ್ದೋ? ತಾತ್ಕಾಲಿಕದಲ್ಲಿ ಕೆಲವು ದಿನ ಕಾದು ನೋಡಬಹುದೋ?

ಏಟ್ರಿಯಲ್ ಫಿಬ್ರಿಲೇಶನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇದು ಮೇಲಿನ ಕೋಣೆಗಳ ನಡುಕ. ವಯಸ್ಸಾದವರಲ್ಲಿ, ಪಂಪಿಂಗ್ ಕಡಿಮೆ ಇರುವವರಲ್ಲಿ ಅಟ್ಯಾಕ್ ನಂತರ ಸಾಕಷ್ಟು ಕಾಣಿಸಿಕೊಳ್ಳುತ್ತದೆ. ಕೂಡಲೇ ಜೀವ ತೆಗೆಯುವಂಥದ್ದಲ್ಲ. ಆದರೆ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಸ್ಟೆಂಟಿಗೆಂದು ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದನ್ನು ತಡೆಯಲು ಸಾಲುವುದಿಲ್ಲ, ರಕ್ತ ತೆಳುವಾಗಿಸುವ ಬೇರೆ ಮಾತ್ರೆ ಬೇಕು. ಮೂರೂ ಒಟ್ಟಿಗೆ ಹೆಚ್ಚು ದಿನ ತಗೊಂಡರೆ ರಕ್ತಸ್ರಾವದ ಅಪಾಯ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ತಾರೀಖು ಸಮೇತ ಬರೆಸಿಕೊಳ್ಳಿ.

ಈಗ ಆ ಎಕೋ ವಿಷಯಕ್ಕೆ ಬರೋಣ. ಅಟ್ಯಾಕ್‌ನಲ್ಲಿ ಸತ್ತ ಸ್ನಾಯು ವಾರಗಳು ಕಳೆದಂತೆ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಕಲೆಯೊಳಗೆ ಕರೆಂಟ್ ಹರಿಯದು. ಆದರೆ ಕಲೆಯ ಅಂಚಿನಲ್ಲಿ, ನಡುನಡುವೆ, ಬದುಕಿ ಉಳಿದ ಸ್ನಾಯುವಿನ ಎಳೆಗಳು ಇರುತ್ತವೆ, ಅವುಗಳಲ್ಲಿ ಕರೆಂಟ್ ತೀರಾ ನಿಧಾನವಾಗಿ ಹೋಗುತ್ತದೆ. ಹಾಗೆ ನಿಧಾನವಾಗಿ ಬಂದ ಕರೆಂಟ್ ಹೊರಬೀಳುವ ಹೊತ್ತಿಗೆ ಸುತ್ತಲಿನ ಸ್ನಾಯು ಮತ್ತೆ ತಯಾರಾಗಿ ನಿಂತಿದ್ದರೆ, ಅದು ಹೊರಗೆ ಹೋಗಲು ದಾರಿ ಸಿಗದ ರಿಕ್ಷಾ ಸರ್ಕಲ್ ಸುತ್ತಿದ ಹಾಗೆ ಕಲೆಯನ್ನೇ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಒಂದು ಬಡಿತ. ನಿಮಿಷಕ್ಕೆ 150, 180, 200. ಇದೇ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ವಿಟಿ. ಕೆಲವೊಮ್ಮೆ ತಾನಾಗಿ ನಿಲ್ಲುತ್ತದೆ. ಕೆಲವೊಮ್ಮೆ ವಿಎಫ್ ಆಗಿ ಬದಲಾಗುತ್ತದೆ. ಸ್ಟೆಂಟ್ ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಈ ಕಲೆಗೆ ಅದರಿಂದ ಏನೂ ಆಗದು.

ಯಾರಿಗೆ ಈ ಅಪಾಯ ಹೆಚ್ಚು ಅಂತ ಹೇಳಲು ಇಂದಿಗೂ ಮುಖ್ಯವಾಗಿ ಬಳಸುವುದು ಇಜೆಕ್ಷನ್ ಫ್ರ್ಯಾಕ್ಷನ್, ಚಿಕ್ಕದಾಗಿ ಇಎಫ್. ಕಾರ್ಡಿನಲ್ಲಿ ಎಲ್‌ವಿಇಎಫ್ ಅಂತ ಇರುವುದು ಇದೇ. ಎಡಗಡೆಯ ಕೋಣೆ ಪ್ರತಿ ಬಡಿತಕ್ಕೂ ತನ್ನಲ್ಲಿದ್ದ ರಕ್ತದಲ್ಲಿ ಎಷ್ಟು ಪಾಲು ಹೊರದೂಡುತ್ತದೆ ಅನ್ನುವ ಲೆಕ್ಕ. 55 ಶೇಕಡಾಕ್ಕಿಂತ ಮೇಲಿದ್ದರೆ ಒಳ್ಳೆಯದು. 35 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಎಚ್ಚರ ಬೇಕು. 2005ರಲ್ಲಿ ಪ್ರಕಟವಾದ ವ್ಯಾಲಿಯಂಟ್ ಅಧ್ಯಯನದಲ್ಲಿ ಅಟ್ಯಾಕ್ ನಂತರ ಪಂಪಿಂಗ್ ಕುಗ್ಗಿದ್ದ ಅಥವಾ ಹಾರ್ಟ್ ಫೇಲ್ಯೂರ್ ಇದ್ದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದರು. ಹಠಾತ್ ಸಾವು ಅಥವಾ ಹೃದಯ ಸ್ತಂಭನದ ಪ್ರಮಾಣ ಮೊದಲ ತಿಂಗಳಲ್ಲಿ 1.4 ಶೇಕಡಾ ಇತ್ತು, ಎರಡು ವರ್ಷ ಕಳೆದ ಮೇಲೆ ತಿಂಗಳಿಗೆ 0.14 ಶೇಕಡಾಕ್ಕೆ ಇಳಿದಿತ್ತು. ಅಂದರೆ ಊರಿಗೆ ಹೋಗಿ ಆರಾಮಾಗಿ ಇರಲಿ ಅಂತ ನಾವು ಅಂದುಕೊಳ್ಳುವ ಆ ಮೊದಲ ವಾರಗಳೇ ಹೆಚ್ಚು ಅಪಾಯದ ದಿನಗಳು.

ಹಾಗಾದರೆ ಅಪಾಯ ಹೆಚ್ಚಿರುವವರಿಗೆ ಡಿಸ್ಚಾರ್ಜ್ ಮೊದಲೇ ಐಸಿಡಿ ಹಾಕಿಬಿಡಬಹುದಲ್ಲ ಅಂತ ಅನ್ನಿಸುತ್ತದೆ. ಐಸಿಡಿ ಅಂದರೆ ಎದೆಯ ಚರ್ಮದ ಕೆಳಗೆ ಕೂರಿಸುವ, ಬಡಿತ ಕೆಟ್ಟಾಗ ತಾನೇ ಶಾಕ್ ಕೊಡುವ ಯಂತ್ರ. ಅದನ್ನು ರೂಪಿಸಿದವರು ಹೃದ್ರೋಗ ತಜ್ಞ ಮಿಷೆಲ್ ಮಿರೋವ್ಸ್ಕಿ. ಪದೇ ಪದೇ ವಿಟಿ ಬರುತ್ತಿದ್ದ ಅವರ ಹಿರಿಯ ಡಾಕ್ಟರೊಬ್ಬರು 1966ರಲ್ಲಿ ತೀರಿಕೊಂಡರು, ಅದೇ ನೋವು ಅವರನ್ನು ಈ ಕೆಲಸಕ್ಕೆ ಹಚ್ಚಿತು. 1980ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ಮನುಷ್ಯನಿಗೆ ಹಾಕಿದರು. 2002ರ ಮ್ಯಾಡಿಟ್-2 ಅಧ್ಯಯನದಲ್ಲಿ ಹಳೇ ಅಟ್ಯಾಕ್ ಇದ್ದು ಇಎಫ್ 30 ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ಐಸಿಡಿ ಇಲ್ಲದವರು 19.8 ಶೇಕಡಾ ತೀರಿಕೊಂಡರೆ, ಇದ್ದವರು 14.2 ಶೇಕಡಾ. ಆದರೆ 2004ರ ಡಿನಾಮಿಟ್ ಅಧ್ಯಯನದಲ್ಲಿ ಅಟ್ಯಾಕ್ ಆದ 6ರಿಂದ 40 ದಿನದೊಳಗೇ ಹಾಕಿ ನೋಡಿದಾಗ ಒಟ್ಟು ಸಾವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬಡಿತ ಕೆಟ್ಟು ಸಾಯುವುದು ಕಮ್ಮಿಯಾಯಿತು, ಬೇರೆ ಕಾರಣದ ಸಾವು ಅಷ್ಟೇ ಹೆಚ್ಚಿತು. ಮೊದಲ ವಾರಗಳಲ್ಲಿ ಎಷ್ಟೋ ಹಠಾತ್ ಸಾವುಗಳು ಮತ್ತೊಂದು ಅಟ್ಯಾಕ್‌ನಿಂದಲೋ ಹೃದಯದ ಗೋಡೆ ಸೀಳಿಯೋ ಆಗುತ್ತವೆ. ಅಲ್ಲಿ ಶಾಕ್ ಏನೂ ಮಾಡದು.

ಇನ್ನೊಂದು ಕಾರಣವೂ ಇದೆ, ಅದು ಒಳ್ಳೆಯದು. ರಕ್ತ ನಿಂತು ಮಂಕಾದ ಸ್ನಾಯು ಎಲ್ಲವೂ ಸತ್ತಿರುವುದಿಲ್ಲ. ನಾಳ ತೆರೆದು, ಮಾತ್ರೆ ಸರಿಯಾಗಿ ನಡೆದರೆ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಡಿಸ್ಚಾರ್ಜ್ ದಿನ 30 ಇದ್ದದ್ದು ಎರಡು ಮೂರು ತಿಂಗಳಲ್ಲಿ 45 ಆದವರನ್ನು ನಾನೇ ನೋಡಿದ್ದೇನೆ. ಅಂಥವರಿಗೆ ಐಸಿಡಿ ಬೇಕಿಲ್ಲ. ಅದಕ್ಕಾಗಿಯೇ ಕನಿಷ್ಠ 40 ದಿನ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಸುಮಾರು 90 ದಿನ ಕಾದು ಮತ್ತೆ ಎಕೋ ನೋಡಿ ನಿರ್ಧರಿಸುವ ಪದ್ಧತಿ ಬಂದದ್ದು. ಆಗಲೂ 35ರ ಕೆಳಗೇ ಉಳಿದವರ ಜತೆ ಐಸಿಡಿ ಮಾತಾಡಬೇಕು. ಆ ಎಕೋ ಮಾಡಿಸದಿದ್ದರೆ ಗುಣವಾದವರೂ ಗೊತ್ತಾಗುವುದಿಲ್ಲ, ಯಂತ್ರ ಬೇಕಾದವರೂ ಗೊತ್ತಾಗುವುದಿಲ್ಲ.

ಊರಿಗೆ ಹೋಗಲೇಬೇಕಾದರೆ ಹೋಗಿ. ಎಕೋ ಅಲ್ಲಿಯೂ ಆಗುತ್ತದೆ. ಮಣಿಪಾಲ, ಮಂಗಳೂರಿನಲ್ಲಿ ಹೃದ್ರೋಗ ವಿಭಾಗಗಳಿವೆ. ಜಯದೇವ ಸಂಸ್ಥೆ ಬೆಂಗಳೂರಿನ ಜತೆಗೆ ಮೈಸೂರು, ಕಲಬುರಗಿಯಲ್ಲೂ ಇದೆ. ಕರ್ನಾಟಕದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವ ವ್ಯವಸ್ಥೆ ಇದೆ. ಡಿಸ್ಚಾರ್ಜ್ ಕಾರ್ಡ್, ಆಂಜಿಯೋಗ್ರಫಿ ಸಿಡಿ, ಹಳೇ ಇಸಿಜಿ ಜತೆಗೇ ಒಯ್ಯಿರಿ. ಹಳೇ ಇಸಿಜಿ ಪಕ್ಕದಲ್ಲಿಟ್ಟು ನೋಡಿದರೆ ಹೊಸತೇನಾಗಿದೆ ಅಂತ ಅಲ್ಲಿಯ ಡಾಕ್ಟರಿಗೆ ಬೇಗ ತಿಳಿಯುತ್ತದೆ.

ಎದೆಯಲ್ಲಿ ಒಂದೊಂದು ಬಡಿತ ತಪ್ಪಿದಂತೆ ಆಗುವುದು ಅಟ್ಯಾಕ್ ನಂತರ ಸಾಮಾನ್ಯ. ಹಿಂದೆ ಆ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಸಾವು ತಪ್ಪೀತು ಅಂದುಕೊಂಡು ಮಾತ್ರೆ ಕೊಡುತ್ತಿದ್ದರು. 1989ರಲ್ಲಿ ಕ್ಯಾಸ್ಟ್ ಅಧ್ಯಯನದ ಫಲಿತಾಂಶ ಬಂತು. ಮಾತ್ರೆ ತಗೊಂಡವರ ಇಸಿಜಿ ಚೆನ್ನಾಗಿ ಕಾಣುತ್ತಿತ್ತು, ಸಾವು ಮಾತ್ರ ಹೆಚ್ಚಾಗಿತ್ತು. ಹಾಗಾಗಿ ಬಡಿತ ತಪ್ಪುತ್ತಿದೆ ಅಂದಾಗ ಡಾಕ್ಟರ್ ಹೊಸ ಮಾತ್ರೆ ಬರೆಯಲಿಲ್ಲ ಅಂತ ಬೇಸರ ಬೇಡ. ಆದರೆ ಬಡಿತ ಓಡತೊಡಗಿ ಕಣ್ಣು ಕತ್ತಲೆ ಬಂತು, ಎಚ್ಚರ ತಪ್ಪಿತು ಅಂದರೆ ಅದು ಕಾಯುವ ವಿಷಯವಲ್ಲ. ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಕೈಗಡಿಯಾರದ ಇಸಿಜಿ ಸರಿ ತೋರಿಸುತ್ತಿದೆ ಅಂತ ಸುಮ್ಮನಿರಲೂ ಬೇಡಿ. ಅದು ಏಟ್ರಿಯಲ್ ಫಿಬ್ರಿಲೇಶನ್ ಹಿಡಿಯಬಲ್ಲದು, ಹಾರ್ಟ್ ಅಟ್ಯಾಕ್ ಹಿಡಿಯದು.

ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಗಳ ಸುದ್ದಿ ಇತ್ತೀಚೆಗೆ ವಾಟ್ಸಪ್ಪಿನಲ್ಲಿ ತುಂಬಾ ಓಡಾಡುತ್ತಿದೆ. 2024ರ ರೆಡ್ಯೂಸ್-ಎಎಂಐ ಅಧ್ಯಯನ ಇಎಫ್ 50 ಅಥವಾ ಮೇಲಿದ್ದವರಲ್ಲಿ, 2025ರ ರೀಬೂಟ್ ಅಧ್ಯಯನ 40ಕ್ಕಿಂತ ಮೇಲಿದ್ದವರಲ್ಲಿ ಈ ಮಾತ್ರೆಯಿಂದ ಹೇಳಿಕೊಳ್ಳುವ ಲಾಭವಿಲ್ಲ ಅಂದವು. ಅದೇ 2025ರಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಯಲ್ಲಿ ನಡೆದ ಇನ್ನೊಂದು ಅಧ್ಯಯನ ಸ್ವಲ್ಪ ಲಾಭ ಇದೆ ಅಂದಿತು. ಇಎಫ್ 40ಕ್ಕಿಂತ ಕಮ್ಮಿ ಇರುವವರಿಗೆ ಮಾತ್ರೆ ಬೇಕು ಅನ್ನುವುದರಲ್ಲಿ ತಕರಾರೇ ಇಲ್ಲ. ನಿಮ್ಮ ಇಎಫ್ ಎಷ್ಟು ಅಂತ ಗೊತ್ತಿಲ್ಲದೆ ಯಾರೋ ಕಳಿಸಿದ ಮೆಸೇಜ್ ನೋಡಿ ತಟ್ಟನೆ ಬಿಟ್ಟರೆ ಬಡಿತ ಏರುತ್ತದೆ, ಎದೆನೋವು ಮರಳಬಹುದು.

ಮಳೆಗಾಲದ ಬಗ್ಗೆಯೂ ಹೇಳಲೇಬೇಕು. ಮುಂಬಯಿಯಲ್ಲಿ ಜೂನ್ ಬಂತೆಂದರೆ ವಾಂತಿ ಭೇದಿ ಶುರು. ಫ್ಯೂರೋಸೆಮೈಡ್‌ನಂಥ ನೀರಿಳಿಸುವ ಮಾತ್ರೆ ತಗೊಳ್ಳುವವರಿಗೆ ಪೊಟ್ಯಾಶಿಯಂ ಮೊದಲೇ ಕಮ್ಮಿ ಇರಬಹುದು, ಭೇದಿಯಾದರೆ ಇನ್ನೂ ಇಳಿಯುತ್ತದೆ. ಮೆಗ್ನೀಶಿಯಂ ಸಹ. ಅದರ ಮೇಲೆ ಮೆಡಿಕಲ್ ಅಂಗಡಿಯಿಂದ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್, ವಾಂತಿಗೆ ಒಂಡನ್ಸೆಟ್ರಾನ್ ಸ್ವಂತವಾಗಿ ತಗೊಂಡರೆ ಬಡಿತ ಕೆಡಲು ಬೇಕಾದದ್ದೆಲ್ಲ ಒಂದೇ ಕಡೆ ಸೇರಿದಂತಾಯಿತು. ಅಟ್ಯಾಕ್ ಆದವರಿಗೆ ಭೇದಿ ಜೋರಾದರೆ ಅದೇ ದಿನ ಡಾಕ್ಟರಿಗೆ ತಿಳಿಸಿ, ರಕ್ತದ ಪೊಟ್ಯಾಶಿಯಂ ನೋಡಿಸಿ.

ಕೊನೆಗೆ ದುಡ್ಡಿನ ವಿಷಯ. ಸ್ಟೆಂಟ್ ಬೆಲೆಗೆ ಸರ್ಕಾರ 2017ರಲ್ಲಿ ಮಿತಿ ಹಾಕಿತು. ಐಸಿಡಿಗೆ ಇಂದಿಗೂ ಲಕ್ಷಗಟ್ಟಲೆ ಆಗುತ್ತದೆ. ಬೆಲೆ ಕೇಳಿ ಮನೆಯವರು ಸುಮ್ಮನಾಗುತ್ತಾರೆ, ಮತ್ತೆ ಆ ಆಸ್ಪತ್ರೆ ಕಡೆಗೆ ಹೋಗುವುದೇ ಇಲ್ಲ. ಹಾಗೆ ಬಿಡಬೇಡಿ. ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ರಕ್ಷಣೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೋ, ಯಾವ ಕಾಗದ ಬೇಕು ಅಂತ ಅವರನ್ನೇ ಕೇಳಿ. ಕೆಇಎಂ, ನಾಯರ್, ಸಯನ್‌ನಂಥ ಮಹಾನಗರಪಾಲಿಕೆ ಆಸ್ಪತ್ರೆಗಳ ಸಮಾಜಸೇವಾ ವಿಭಾಗದವರು ಟ್ರಸ್ಟುಗಳ ನೆರವಿನ ದಾರಿ ಹೇಳಿಕೊಡುತ್ತಾರೆ.

ಯಂತ್ರ ಹಾಕಿಸಿಕೊಂಡವರು ಮೊಬೈಲನ್ನು ಅಂಗಿಯ ಜೇಬಿನಲ್ಲಿ ಅದರ ಮೇಲೆ ಇಡಬಾರದು, 15 ಸೆಂಟಿಮೀಟರ್ ದೂರ ಇರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಂತರೆ ಸಾಕು. ಮೆಟ್ರೋ ಸ್ಟೇಷನ್‌ನಲ್ಲಿ, ಏರ್‌ಪೋರ್ಟಿನಲ್ಲಿ ಐಸಿಡಿ ಕಾರ್ಡ್ ತೋರಿಸಿ. ಒಂದು ಶಾಕ್ ಹೊಡೆದು ಆಮೇಲೆ ಆರಾಮಾಗಿದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಒಂದರ ಹಿಂದೆ ಒಂದು ಹೊಡೆದರೆ, ಅಥವಾ ಒಂದೇ ಹೊಡೆದರೂ ತಲೆ ತಿರುಗುತ್ತಿದ್ದರೆ, ಎದೆ ನೋಯುತ್ತಿದ್ದರೆ, ಫೋನ್ ಮಾಡುತ್ತಾ ಕೂರದೆ 108 ಕರೆದು ಐಸಿಸಿಯು ಇರುವ ಆಸ್ಪತ್ರೆಗೆ ಹೋಗಿ. ಶಾಕ್ ಹೊಡೆಯುವಾಗ ಮನೆಯವರು ಕೈ ಹಿಡಿದುಕೊಂಡಿದ್ದರೂ ಅವರಿಗೆ ಹೆಚ್ಚೆಂದರೆ ಸಣ್ಣಗೆ ಜುಂ ಅನ್ನಿಸೀತು, ಅಪಾಯವಿಲ್ಲ. ಹೆದರಿ ಕೈ ಬಿಡುವುದು ಬೇಡ.